ದುರ್ಗದಲ್ಲೊಂದು ದೋಣಿ ರಿಪೇರಿ

ಫೈಬರ್ ದೋಣಿ ಕೊಳೆಯುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ಸುಳ್ಳೇನಲ್ಲ. ಕೊಳೆಯುವುದು ಅದರ ಹೊಟ್ಟೆಯೊಳಗಿನ ಮರ. ಬರೀ ಫೈಬರ್ ಹಾಳೆ ಕೈಯಲ್ಲಿ ಒತ್ತಿದರೆ ಬಳುಕುತ್ತದೆ. ಅದಕ್ಕೇ ಹಿಂದೆ ದೋಣಿ ಕಟ್ಟುವವರು ಬಲ ಬೇಕಾದ ಕಡೆಯೆಲ್ಲ ಎರಡು ಫೈಬರ್ ಪದರದ ನಡುವೆ ಪ್ಲೈವುಡ್ ಇಟ್ಟು ಮುಚ್ಚುತ್ತಿದ್ದರು. ಚುಕ್ಕಾಣಿ ತೂಗುವ ಹಿಂದಿನ ಹಲಗೆಗೆ ಹೀಗೇ ಮಾಡುತ್ತಿದ್ದರು. ಹಾಯಿಕಂಬ ಕೂರುವ ಜಾಗದಲ್ಲಿ ದಪ್ಪ ಮರದ ದಿಮ್ಮಿಯನ್ನೇ ಹೂತಿಡುತ್ತಿದ್ದರು. ಗಟ್ಟಿಯೂ ಆಗುತ್ತಿತ್ತು, ತೂಕವೂ ಕಮ್ಮಿ. ಆಮೇಲೆ ಅದೇ ಹಲಗೆಗೆ ತೂತು ಕೊರೆದು ಬೋಲ್ಟ್ ಬಿಗಿಯುತ್ತಿದ್ದರು. ಬೋಲ್ಟ್ ಸುತ್ತ ಬಳಿದ ಸೀಲೆಂಟ್ ಕೆಲವು ವರ್ಷಕ್ಕೆ ಒಣಗಿ ಬಿರುಕು ಬಿಡುತ್ತದೆ. ನೀರು ಒಳಗೆ ಹೋಗಲು ಕೂದಲೆಳೆಯಷ್ಟು ದಾರಿ ಸಾಕು. ಹೊರಗೆ ಬರಲು ದಾರಿಯೇ ಇಲ್ಲ, ಎರಡೂ ಕಡೆ ಫೈಬರ್ ಗೋಡೆ.

ನನ್ನ ಕೈಗೆ ಬಂದದ್ದು ಎಂಟರ್‌ಪ್ರೈಸ್ ಜಾತಿಯ ಹಾಯಿದೋಣಿ. ಜ್ಯಾಕ್ ಹೋಲ್ಟ್ ಎಂಬ ಇಂಗ್ಲೆಂಡಿನವರು 1956ರಲ್ಲಿ ಇದರ ನಕ್ಷೆ ಮಾಡಿದ್ದು. ಉದ್ದ 13 ಅಡಿಯ ಮೇಲೆ ಸ್ವಲ್ಪ, ಓಡಿಸಲು ಇಬ್ಬರು, ನೀಲಿ ಹಾಯಿ. ಮಂಗಳೂರಿನಲ್ಲಿ ಓದುವಾಗ ಎನ್‌ಸಿಸಿ ನೌಕಾ ವಿಭಾಗದಲ್ಲಿ ನಾನು ಹಾಯಿ ಬಿಡುವುದು ಕಲಿತದ್ದು ಇಂಥದ್ದರಲ್ಲೇ. ಕೆಲಸ ಸಿಕ್ಕಿ ಚಿತ್ರದುರ್ಗಕ್ಕೆ ವಾಪಸ್ ಬಂದ ಮೇಲೆ ದೋಣಿಯ ಮಾತೇ ನಿಂತುಹೋಯಿತು. ನಮ್ಮದು ಮಳೆ ಕಮ್ಮಿ ಸೀಮೆ, ಇಲ್ಲಿ ದೋಣಿ ಕಟ್ಟಿಕೊಂಡು ಏನು ಮಾಡೋದು ಅಲ್ವಾ?

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿತ್ತು. ವೇದಾವತಿಗೆ ಅಡ್ಡ ಕಟ್ಟಿ 1907ರಲ್ಲಿ ಮುಗಿಸಿದ ವಾಣಿ ವಿಲಾಸ ಸಾಗರ, 1933 ಆದಮೇಲೆ ಕೋಡಿ ಬಿದ್ದದ್ದು ಅದೇ ಮೊದಲು. ಇಡೀ ಜಿಲ್ಲೆ ನೋಡಲು ಹೋಯಿತು, ನಾನೂ ಹೋದೆ. ಜನ ಕೋಡಿಯಲ್ಲಿ ಬೀಳುವ ನೀರು ನೋಡುತ್ತಿದ್ದರು. ನನ್ನ ಕಣ್ಣು ಹಿನ್ನೀರಿನ ಮೇಲೆ ಏಳುತ್ತಿದ್ದ ಸಣ್ಣ ಬಿಳಿನೊರೆಯ ಅಲೆಗಳ ಮೇಲೆ. ಅಲ್ಲಲ್ಲಿ ಬಿಳಿ ಅಲೆ ಕಂಡರೆ ಹಾಯಿ ಬಿಡುವಷ್ಟು ಗಾಳಿ ಇದೆ ಎಂದು ಅರ್ಥ. ತಲೆಗೆ ಹುಳ ಬಿಟ್ಟಂತಾಯಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಇನ್ನು ತಡೆಯಲಾಗಲಿಲ್ಲ.

ಮಂಗಳೂರಿನ ಹತ್ತಿರ ಒಬ್ಬರ ತೆಂಗಿನ ತೋಟದಲ್ಲಿ ಈ ದೋಣಿ ಬಾಯ್ತೆರೆದು ಬಿದ್ದಿತ್ತು. ಕಂಬ, ಹಾಯಿ, ಚುಕ್ಕಾಣಿ ಮನೆಯೊಳಗೆ ಬೆಚ್ಚಗಿದ್ದವು. ದೋಣಿಗೆ ಮಾತ್ರ ಎಷ್ಟೋ ಮಳೆಗಾಲದ ನೀರು. ಸಮುದ್ರದ ನೀರಿಗಿಂತ ಮಳೆನೀರು ಮರಕ್ಕೆ ಕೆಟ್ಟದ್ದು. ಉಪ್ಪು ಬೂಷ್ಟನ್ನು ಒಂದಿಷ್ಟು ತಡೆಯುತ್ತದೆ, ಸಿಹಿನೀರು ಅದನ್ನು ಸಾಕಿ ಬೆಳೆಸುತ್ತದೆ. ಓಡಿದಷ್ಟು ದಿನ ಚೆನ್ನಾಗಿದ್ದ ದೋಣಿ ಸುಮ್ನೆ ಕೂತ ಮೇಲೆ ಕೆಟ್ಟಿದೆ. ಬೆಲೆಯೂ ಅದಕ್ಕೆ ತಕ್ಕಂತೆ ಇಳಿದಿತ್ತು. ಪಿಕಪ್ ಗಾಡಿಯ ಹಿಂದೆ ಚಾಚಿಕೊಂಡ ಭಾಗಕ್ಕೆ ಕೆಂಪು ಬಟ್ಟೆ ಕಟ್ಟಿಕೊಂಡು ಘಾಟ್ ಹತ್ತಿಸಿ ತಂದೆವು.

ಹೊಳಲ್ಕೆರೆ ರಸ್ತೆಯಲ್ಲಿ ನಮ್ಮ ಮನೆ ಮುಂದೆ ಇಳಿಸುವಾಗ ಬೀದಿಗೆ ಬೀದಿಯೇ ಸೇರಿತು. "ಎಲ್ಲಿ ಬಿಡ್ತೀರ ಸಾರ್, ಸಂತೆ ಹೊಂಡದಲ್ಲಾ?" ಎಂದು ಅಂಗಡಿಯವರು ಕೇಳಿದರು. ನಮ್ಮವ್ವ ಸುತ್ತ ಒಂದು ಸಲ ಓಡಾಡಿ ನೋಡಿ, "ದನಕ್ಕೆ ನೀರಿಡಾಕೆ ಚೆನ್ನಾಗೈತೆ ಬಿಡು" ಅಂದರು.

ಗುಂಪಿನಲ್ಲಿ ಒಬ್ಬ ಹುಡುಗ ಮಾತ್ರ ನಗಲಿಲ್ಲ. ಜೇಬಿನಿಂದ ಐದು ರೂಪಾಯಿ ನಾಣ್ಯ ತೆಗೆದು ದೋಣಿಯ ಹಿಂದಿನ ಹಲಗೆಯನ್ನು ಮೇಲಿಂದ ಕೆಳಗೆ ಕುಟ್ಟುತ್ತಾ ಬಂದ. ಮೇಲೆ ಟಣ್ ಟಣ್ ಎನ್ನುತ್ತಿದ್ದದ್ದು ಅರ್ಧಕ್ಕೆ ಬರುವಾಗ ದಬ್ ದಬ್ ಆಯಿತು. "ಅಣ್ಣಾ, ಇಲ್ಲಿಂದ ಕೆಳಗೆ ಕೋರ್ ಹೋಗೈತೆ" ಅಂದ. ಕೋರ್ ಅಂದರೆ ಒಳಗಿನ ಮರ. ಯಾರಪ್ಪ ಇವನು ಎಂದರೆ, ನಮ್ಮ ಹಿಂದಿನ ಬೀದಿಯಲ್ಲಿ ಬಾಡಿಗೆಗಿರುವವನು. ಗಾಳಿಯಿಂದ ಕರೆಂಟ್ ತೆಗೆಯುವ ದೊಡ್ಡ ಫ್ಯಾನಿನ ರೆಕ್ಕೆ ರಿಪೇರಿ ಮಾಡುವ ಕೆಲಸ.

ಜೋಗಿಮಟ್ಟಿ ಕಡೆ ಗುಡ್ಡದ ಸಾಲಿನ ಮೇಲೆ ತಿರುಗುವ ಫ್ಯಾನ್‌ಗಳನ್ನು ಹೈವೇಯಲ್ಲಿ ಹೋಗುವವರೆಲ್ಲ ನೋಡಿರುತ್ತಾರೆ. ಅವುಗಳ ರೆಕ್ಕೆ ಫೈಬರ್ ಗ್ಲಾಸ್. ಎರಡು ಪದರದ ನಡುವೆ ಬಾಲ್ಸಾ ಎಂಬ ಹಗುರ ಮರವನ್ನೋ ಫೋಮನ್ನೋ ಇಟ್ಟಿರುತ್ತಾರೆ. ಅಂದರೆ ನನ್ನ ದೋಣಿ ಕಟ್ಟಿದ ರೀತಿಯೇ. ಅಲ್ಲೂ ಬಿರುಕಿನಲ್ಲಿ ನೀರು ಇಳಿಯುತ್ತದೆ, ಪದರ ಬಿಡುತ್ತದೆ. ಇವರು ಹಗ್ಗದಲ್ಲಿ ನೇತಾಡಿಕೊಂಡು ಕುಟ್ಟಿ ಕೇಳಿ, ಕೆಟ್ಟದ್ದನ್ನು ತೆಗೆದು ಹೊಸದು ಕೂರಿಸುತ್ತಾರೆ. ದೋಣಿ ರಿಪೇರಿಗೆ ಮಂಗಳೂರಿನಿಂದಲೋ ಗೋವಾದಿಂದಲೋ ಜನ ಕರೆಸಬೇಕೇನೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಬೇಕಾದ ವಿದ್ಯೆ ದುರ್ಗದ ಗುಡ್ಡದ ಮೇಲೇ ಇತ್ತು.

ಫೆಬ್ರವರಿಯ ಒಂದು ಭಾನುವಾರ ಗ್ರೈಂಡರ್ ಹಿಡಿದೆವು. ಹಲಗೆಯ ಹೊರ ಪದರ, ಅಂದರೆ ನೀರಿಗೆ ತಾಗುವ ಚೆಂದದ ಮುಖ, ಮುಟ್ಟಬಾರದು. ಕೆಲಸವೆಲ್ಲ ಒಳಗಿನಿಂದ. ಅಂಚಿನಿಂದ ಎರಡು ಇಂಚು ಬಿಟ್ಟು ಒಳ ಪದರವನ್ನು ಚೌಕವಾಗಿ ಕೊಯ್ದೆವು. ಹುಡುಗ ಉಳಿ ತೂರಿಸಿ ಮೀಟಿದ. ಮೇಲಿನ ಮೂಲೆಯಲ್ಲಿ ಮರಕ್ಕೆ ಅಂಟಿಕೊಂಡಿದ್ದ ಫೈಬರ್ ಚಟಚಟ ಎಂದು ಕಿತ್ತು ಬಂತು. ಕೆಳಗಿನ ಅರ್ಧಕ್ಕೆ ಮೀಟುವ ಕೆಲಸವೇ ಇರಲಿಲ್ಲ, ಕೈಯಲ್ಲಿ ಎತ್ತಿದರೆ ಬಂತು. ಒಳಗಿನ ಪ್ಲೈವುಡ್ ನೆನೆಸಿದ ಶೇಂಗಾ ಹಿಂಡಿಯ ಹಾಗಿತ್ತು. ಬೆರಳು ಒತ್ತಿದರೆ ಕಂದು ನೀರು ಒಸರುತ್ತಿತ್ತು, ಹುಳಿ ಬಂದ ಅಣಬೆಯ ವಾಸನೆ. ಇನ್ನೂ ಸ್ವಲ್ಪ ಒಣಗಿದ್ದ ಕಡೆ ಮರ ಚೌಕ ಚೌಕವಾಗಿ ಸೀಳಿ ಪುಡಿಯಾಗುತ್ತಿತ್ತು.

ಎಲ್ಲಿಂದ ಶುರುವಾಯಿತು ಎಂಬುದು ಆ ಬಣ್ಣದಲ್ಲೇ ಗೊತ್ತಾಗುತ್ತಿತ್ತು. ತೀರಾ ಕಪ್ಪಾಗಿದ್ದದ್ದು ಎರಡು ಕಡೆ. ಒಂದು, ಚುಕ್ಕಾಣಿಯ ಕೆಳಗಿನ ಕೊಂಡಿಯ ಬೋಲ್ಟ್‌ಗಳ ಸುತ್ತ. ಇನ್ನೊಂದು, ನೀರು ಬಸಿಯುವ ಬಿರಡೆಯ ತೂತು. ದೋಣಿ ಕಟ್ಟಿದವರು ಪ್ಲೈವುಡ್‌ಗೆ ದುಂಡಗೆ ತೂತು ಕೊರೆದು, ಕೊಯ್ದ ಅಂಚಿಗೆ ಏನನ್ನೂ ಬಳಿಯದೆ, ಹಾಗೇ ಪ್ಲಾಸ್ಟಿಕ್ ಕೊಳವೆ ತೂರಿಸಿದ್ದರು. ಪ್ಲೈವುಡ್ ನೀರು ಕುಡಿಯುವುದೇ ಕೊಯ್ದ ಅಂಚಿನಿಂದ. ದೋಣಿಯ ಅತಿ ತಗ್ಗು ಜಾಗದಲ್ಲಿ ಅಂಥ ತೆರೆದ ಅಂಚು! ಆಮೇಲೆ ಯಾರೋ ಅದರ ಮೇಲೆ ಕಾರಿನ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ನೀರು ಒಳಗೇ ಉಳಿಯಲು ಅದರಿಂದ ಇನ್ನಷ್ಟು ಅನುಕೂಲವಾಯಿತು, ಅಷ್ಟೇ.

ಕೊಳೆತ ಮರಕ್ಕೆ ಸಣ್ಣ ಸಣ್ಣ ತೂತು ಕೊರೆದು ತೆಳು ರೆಸಿನ್, ಅಂದರೆ ಗಟ್ಟಿಯಾಗುವ ಅಂಟುದ್ರವ, ಸುರಿದರೆ ಸಾಕು, ಗಟ್ಟಿಯಾಗುತ್ತದೆ ಎಂದು ಹೇಳುವವರೂ ಇದ್ದಾರೆ. ನನಗೆ ನಂಬಿಕೆ ಇಲ್ಲ. ನೀರು ಕುಡಿದ ಮರಕ್ಕೆ ರೆಸಿನ್ ಇಳಿಯುವುದಿಲ್ಲ. ಇಳಿದ ಕಡೆಯೂ ಗಟ್ಟಿಯಾಗುವುದು ಕೊಳೆತ ನಾರೇ ತಾನೇ? ಕಿಟಕಿ ಚೌಕಟ್ಟಿಗೆ ನಡೆಯಬಹುದು. ಚುಕ್ಕಾಣಿ ತೂಗುವ ಹಲಗೆಗೆ ಬೇಡ. ಒಳ್ಳೆಯ ಮರ ಸಿಗುವವರೆಗೆ ಕೆತ್ತಿದೆವು. ಕೊನೆಗೆ ಒಳ್ಳೆಯದು ಅಂತ ಉಳಿದದ್ದು ಮೇಲಿನ ಒಂದು ಪಟ್ಟಿ. ಅದನ್ನೂ ತೆಗೆದುಬಿಟ್ಟೆವು. ಹಾಯಿಕಂಬದ ಬುಡದ ದಿಮ್ಮಿಯೂ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೆ ಇಳಿಯಿತು.

ಫೈಬರ್ ಧೂಳಿನ ಬಗ್ಗೆ ಒಂದು ಮಾತು. ಅದರ ಕೆರೆತ ಅನುಭವಿಸಿದವರಿಗೇ ಗೊತ್ತು. ತುಂಬು ತೋಳಿನ ಅಂಗಿ, ಕನ್ನಡಕ, ಒಳ್ಳೆಯ ಮಾಸ್ಕ್ ಇಲ್ಲದೆ ಗ್ರೈಂಡರ್ ಮುಟ್ಟಬಾರದು. ಕೆಲಸ ಮುಗಿದ ತಕ್ಷಣ ಬಿಸಿನೀರು ಹೊಯ್ದುಕೊಳ್ಳಲೂಬಾರದು, ಮೊದಲು ತಣ್ಣೀರು. ನಾವು ತೊಟ್ಟ ಬಟ್ಟೆಯನ್ನು ಮನೆಯವರ ಬಟ್ಟೆ ಜೊತೆ ಒಗೆಯಲು ನಮ್ಮನೇಲಿ ಬಿಡಲೇ ಇಲ್ಲ. ಸರಿಯಾಗೇ ಮಾಡಿದರು.

ಇನ್ನು ಒಣಗಿಸುವ ಕೆಲಸ. ಕರಾವಳಿಯಲ್ಲಾಗಿದ್ದರೆ ದೀಪ ಹಚ್ಚಿಟ್ಟು, ಫ್ಯಾನ್ ಹಾಕಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಇಲ್ಲಿ ಬೇಸಿಗೆ ಶುರುವಾಗುವ ಹೊತ್ತು, ಗಾಳಿಯಲ್ಲಿ ತೇವವೇ ಇಲ್ಲ. ಮರದಲ್ಲಿ ತೇವ ನೂರಕ್ಕೆ 20ಕ್ಕಿಂತ ಕೆಳಗೆ ಇದ್ದರೆ ಕೊಳೆಸುವ ಬೂಷ್ಟು ಬೆಳೆಯುವುದಿಲ್ಲ. ನಮ್ಮ ಮಾರ್ಚ್ ತಿಂಗಳು ಆ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಒಣಗಿದೆಯೋ ಇಲ್ಲವೋ ತಿಳಿಯಲು ಹುಡುಗ ಒಂದು ಉಪಾಯ ಹೇಳಿಕೊಟ್ಟ. ಸಂಜೆ ಒಂದು ತುಂಡು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸುವುದು. ಮಾರನೇ ದಿನ ಬಿಸಿಲು ಬಿದ್ದಾಗ ಹಾಳೆಯ ಒಳಗೆ ಹನಿ ಕಟ್ಟಿದರೆ ಇನ್ನೂ ತೇವ ಇದೆ ಎಂದು ಅರ್ಥ. ಹನಿ ನಿಲ್ಲುವವರೆಗೆ ದೋಣಿಯನ್ನು ಬಿಸಿಲಿಗೆ ಬಿಟ್ಟೆ.

ಅಷ್ಟರಲ್ಲಿ ಪ್ಲೈವುಡ್. ಅಂಗಡಿಯಲ್ಲಿ ಸೆವೆನ್ ಟೆನ್ ಎಂದರೆ ಸಾಕು, ಐಎಸ್ 710, ಮರೀನ್ ಪ್ಲೈ ಕೊಡುತ್ತಾರೆ. ಅಡುಗೆಮನೆಯ ಕಪಾಟಿಗೂ ಈಗ ಇದನ್ನೇ ಹಾಕಿಸುತ್ತಾರೆ. ನನಗೆ ಬೇಕಾದದ್ದು ಎರಡು ಸಣ್ಣ ತುಂಡು, ಅವರು ಕೊಡುವುದು ಎಂಟು ಅಡಿಗೆ ನಾಲ್ಕು ಅಡಿಯ ಇಡೀ ಹಾಳೆ. ಮುದ್ರೆ ನಂಬಿ ತರುವುದು ಬೇಡ ಅಂದರು ಮರಗೆಲಸದ ನಮ್ಮ ಆಚಾರ್ರು. ಕೊಯ್ದ ಅಂಚನ್ನು ಬೆಳಕಿಗೆ ಹಿಡಿದು ನೋಡಬೇಕು. ನಡುವಿನ ಪದರಗಳಲ್ಲಿ ಖಾಲಿ ಜಾಗ ಕಂಡರೆ ಅದು ನೀರು ಓಡಾಡುವ ಓಣಿ. ಅಂಟು ಹೇಗಿದೆ ಎಂದು ತಿಳಿಯಲು ಕುದಿಸಿ ನೋಡಬೇಕು. 710 ಎಂದು ಮುದ್ರೆ ಬೀಳಬೇಕಾದರೆ 72 ಗಂಟೆ ಕುದಿಸಿದರೂ ಪದರ ಬಿಡಬಾರದು. ನಮ್ಮ ಬಚ್ಚಲ ಹಂಡೆಗೆ ಅಷ್ಟು ತಾಳ್ಮೆ ಎಲ್ಲಿ? ಆದರೂ ಬೆಳಗಿನ ಸ್ನಾನದ ನೀರು ಕಾಯುವಾಗೆಲ್ಲ ಅಂಗೈಯಷ್ಟು ತುಂಡು ಒಳಗೆ ಬಿಟ್ಟೆ. ನೀರು ಕೆಂಪಗಾಯಿತು, ಮನೆಯವರ ಮುಖವೂ. ಪದರ ಬಿಡಲಿಲ್ಲ.

18 ಮಿಲಿಮೀಟರಿನ ಒಂದೇ ಹಲಗೆಯ ಬದಲು 9ರ ಎರಡನ್ನು ಒಂದರ ಮೇಲೊಂದು ಅಂಟಿಸಲು ತೀರ್ಮಾನ ಮಾಡಿದೆವು. ಹಿಂದಿನ ಹಲಗೆ ಪೂರಾ ನೆಟ್ಟಗಿಲ್ಲ, ಸಣ್ಣ ಬಾಗು ಇದೆ. ತೆಳು ಹಲಗೆ ಆ ಬಾಗಿಗೆ ಒಗ್ಗುತ್ತದೆ, ಒಂದರ ಮೇಲೊಂದು ಅಂಟಿದ ಮೇಲೆ ಬಾಗು ಹಾಗೇ ನಿಲ್ಲುತ್ತದೆ. ಕಂಬದ ಬುಡಕ್ಕೆ ಆಚಾರ್ರು ಕರಿಜಾಲಿ ಕೊಟ್ಟರು. ಗಾಡಿಗೆ, ನೇಗಿಲಿಗೆ ನಮ್ಮ ಕಡೆ ಹಿಂದಿನಿಂದ ಅದೇ ಮರ. ಹೊರಗಿನ ಬಿಳಿ ಭಾಗಕ್ಕೆ ಹುಳ ಬೀಳುತ್ತದೆ ಎಂದು ಕೆತ್ತಿ ಬಿಸಾಡಿ, ಕೆಂಪು ಚೇಗು ಮಾತ್ರ ಉಳಿಸಿದರು.

ಅಂಟಿನ ವಿಷಯದಲ್ಲಿ ಆಚಾರ್ರಿಗೂ ಹುಡುಗನಿಗೂ ಜಟಾಪಟಿ. ಆಚಾರ್ರು ಫೆವಿಕಾಲ್ ಸಾಕು ಅನ್ನುವವರು. ಇನ್ನು ಊರಲ್ಲಿ ಫೈಬರ್ ಕೆಲಸ ಮಾಡುವವರೆಲ್ಲ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅಗ್ಗ, ಬೇಗ ಗಟ್ಟಿಯಾಗುತ್ತದೆ. ಹೊಸದಾಗಿ ಅಚ್ಚಿಗೆ ಹಾಕಲು ಅದು ಸರಿ. ಹಳೇ ಫೈಬರಿಗೆ, ಅದರಲ್ಲೂ ಮರಕ್ಕೆ, ಅದರ ಹಿಡಿತ ಸಾಲದು. "ಪ್ಯಾಚ್ ಕೆಲಸಕ್ಕೆ ಎಪಾಕ್ಸಿ ಬಿಟ್ಟು ಬೇರೆ ಮಾತಾಡಬೇಡಿ" ಅಂದ ಹುಡುಗ. ಎಲ್‌ವೈ 556 ರೆಸಿನ್, ಎಚ್‌ವೈ 951 ಹಾರ್ಡನರ್ ಬೆಂಗಳೂರಿನಿಂದ ತರಿಸಿದೆ. ಎರಡನ್ನೂ ಕಲಸಿದರೆ ಎಪಾಕ್ಸಿ ಗಟ್ಟಿಯಾಗುತ್ತದೆ. ನೂರು ಗ್ರಾಂಗೆ ಹತ್ತು ಗ್ರಾಂ, ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು. ಕಣ್ಣಳತೆ ನಡೆಯುವುದಿಲ್ಲ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಜಾಸ್ತಿ ಹಾಕಿದರೆ ಗಟ್ಟಿಯಾಗುವುದಿಲ್ಲ, ಜಿಗುಟಾಗಿ ಉಳಿಯುತ್ತದೆ.

ಎಪಾಕ್ಸಿಗೆ ಇನ್ನೊಂದು ಗುಣ ಇದೆ. ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ತೆಳ್ಳಗೆ ಹರಡಿದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಮಗ್ಗಿನಲ್ಲೇ ಬಿಟ್ಟರೆ ಅಲ್ಲೇ ಸೇರಿ ಇನ್ನೂ ಬಿಸಿ, ಇನ್ನೂ ಬೇಗ. ಮೊದಲ ದಿನ ಆಚಾರ್ರು ನೋಡೋಣ ಎಂದು ಅರ್ಧ ಮಗ್ ಕಲಸಿ ಪಕ್ಕಕ್ಕಿಟ್ಟು ಬೀಡಿ ಸೇದಲು ಹೋದರು. ಬಂದು ನೋಡುವಷ್ಟರಲ್ಲಿ ಮಗ್ ಸೊಟ್ಟಗಾಗಿ, ಹಳದಿ ಹೊಗೆ ಏಳುತ್ತಿತ್ತು. "ಒಲೇನೆ ಇಲ್ದೆ ಕುದೀತೈತಲ್ಲ ಸ್ವಾಮಿ ಇದು!" ಆಮೇಲೆ ಅಗಲ ತಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ಕಲಸಿದೆವು. ಮೈಗೆ ತಾಗಿದರೆ ಥಿನ್ನರ್ ಹಾಕಿ ಒರೆಸಬಾರದು, ಅದು ರೆಸಿನನ್ನು ಚರ್ಮದೊಳಕ್ಕೇ ಇಳಿಸುತ್ತದೆ. ಗ್ಲೌಸ್ ಹಾಕಿಕೊಳ್ಳುವುದೇ ಸರಿ.

ದುರ್ಗದ ಬಿಸಿಲಲ್ಲಿ ಬೆಳಗ್ಗೆ ಕೆಲಸ ಮಾಡೋಣ ಎಂದರೆ ಹುಡುಗ ಬೇಡ ಅಂದ. ಬೆಳಗ್ಗೆ ಮರಕ್ಕೆ ರೆಸಿನ್ ಬಳಿದರೆ, ಬಿಸಿಲೇರುತ್ತಾ ಮರದೊಳಗಿನ ಗಾಳಿ ಹಿಗ್ಗಿ ಗುಳ್ಳೆ ಗುಳ್ಳೆಯಾಗಿ ಹೊರಗೆ ಬರುತ್ತದೆ. ಪ್ರತಿ ಗುಳ್ಳೆಯೂ ಒಂದು ಸೂಜಿತೂತು. ಸಂಜೆ ಬಳಿದರೆ ಮರ ತಣ್ಣಗಾಗುತ್ತಾ ರೆಸಿನನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ನಮ್ಮದೆಲ್ಲ ಇಳಿಹೊತ್ತಿನ ಕೆಲಸ. ಅದಕ್ಕೊಂದು ತೊಂದರೆ. ಸಂಜೆ ಗಾಳಿ ಎದ್ದರೆ ಮಣ್ಣಿನ ಪುಡಿಯೆಲ್ಲ ರೆಸಿನ್ ಮೇಲೆ. ದೋಣಿಯ ಸುತ್ತ ಅವ್ವನ ಹಳೇ ಸೀರೆಗಳನ್ನು ಕಟ್ಟಿದೆವು. ದೀಪ ಹಾಕಿದರೆ ಹುಳಗಳು. ಈಗಲೂ ಎಡಮೂಲೆಯಲ್ಲಿ ಒಂದು ದೀಪದ ಹುಳ ರೆಕ್ಕೆ ಅಗಲಿಸಿಕೊಂಡು ಶಾಶ್ವತವಾಗಿ ಕೂತಿದೆ. ಬಣ್ಣದ ಕೆಳಗಿದೆ, ನಮಗೆ ಮಾತ್ರ ಗೊತ್ತು.

ಹಲಗೆ ಕೂರಿಸಿದ ದಿನವೇ ನಿಜವಾದ ಕೆಲಸ. ಅದಕ್ಕೆ ಮುಂಚೆ ಎರಡೂ ಹಲಗೆಯ ಎಲ್ಲ ಮುಖಕ್ಕೂ, ಅಂಚಿಗೆ ಎರಡೆರಡು ಸಲ, ರೆಸಿನ್ ಕುಡಿಸಿದ್ದೆವು. ಒಣಗಿದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ನಿಲ್ಲುತ್ತದೆ. ಅದನ್ನು ನೀರು ಹಾಕಿ ಪಾತ್ರೆ ಉಜ್ಜುವ ಸ್ಕ್ರಬ್ಬರಿನಲ್ಲಿ ಉಜ್ಜಿ ತೊಳೆದ ಮೇಲೇ ಉಪ್ಪುಕಾಗದ. ತೊಳೆಯದೆ ಉಜ್ಜಿದರೆ ಜಿಡ್ಡನ್ನು ಇನ್ನೂ ಒಳಗೆ ಒತ್ತಿದಂತೆ. ಅಂಟಿಸುವ ರೆಸಿನಿಗೆ ಸಿಲಿಕಾ ಪುಡಿ ಹಾಕಿ, ಚಮಚ ಮಗುಚಿದರೂ ಬೀಳದಷ್ಟು ಗಟ್ಟಿ ಕಲಸಿದೆವು. ಹಲ್ಲಿನ ಕರಣೆಯಲ್ಲಿ ಗೀರಿ ಹಚ್ಚಿ, ಹಲಗೆ ಒತ್ತಿ, ಹಳೇ ಬೋಲ್ಟ್ ತೂತುಗಳಲ್ಲೇ ಉದ್ದ ಬೋಲ್ಟ್ ತೂರಿಸಿ, ಹೊರಗೊಂದು ಒಳಗೊಂದು ಮರದ ಪಟ್ಟಿ ಕೊಟ್ಟು ಬಿಗಿದೆವು. ಪಟ್ಟಿಗೂ ಬೋಲ್ಟಿಗೂ ಪ್ಯಾಕಿಂಗ್ ಟೇಪ್ ಸುತ್ತಿದ್ದೆವು, ಇಲ್ಲದಿದ್ದರೆ ಅವೂ ದೋಣಿಯ ಭಾಗವಾಗಿಬಿಡುತ್ತಿದ್ದವು. ಅಂಚಿನ ಸುತ್ತ ಎಲ್ಲ ಕಡೆಯಿಂದ ಅಂಟು ಹಿಂಡಿ ಬರಬೇಕು. ಎಲ್ಲಿ ಬರಲಿಲ್ಲವೋ ಅಲ್ಲಿ ಪೊಳ್ಳು. ಟಾರ್ಚ್ ಹಿಡಿದು ನೋಡಿದೆವು. ಸುತ್ತಲೂ ಬಂದಿತ್ತು. ಆಚಾರ್ರು ಬೋಲ್ಟನ್ನು ಇನ್ನೂ ತಿರುಗಿಸಲು ಹೋದಾಗ ಹುಡುಗ ಕೈ ಹಿಡಿದ. "ಪೂರ್ತಿ ಹಿಂಡಿದ್ರೆ ಒಳಗೆ ಅಂಟೇ ಉಳಿಯಲ್ಲ ಆಚಾರ್ರೇ." ಅವತ್ತಿನಿಂದ ಆಚಾರ್ರು ಅವನನ್ನು ಮೇಷ್ಟ್ರೇ ಎಂದು ಕರೆಯತೊಡಗಿದರು, ಅರ್ಧ ತಮಾಷೆಗೆ.

ಆಮೇಲೆ ಮೂಲೆಗಳಿಗೆ ಗರಗಸದ ಪುಡಿ ಸೇರಿಸಿದ ರೆಸಿನ್ ತುಂಬಿ, ಸ್ಟೀಲ್ ಚಮಚದ ಬೆನ್ನಲ್ಲಿ ದುಂಡಗೆ ಎಳೆದೆವು. ಮೇಲೆ ಹಾಸುವ ಗ್ಲಾಸ್ ಬಟ್ಟೆ ಚೂಪು ಮೂಲೆಯಲ್ಲಿ ಕೂರುವುದಿಲ್ಲ, ಗಾಳಿ ಉಳಿಯುತ್ತದೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ನೇಯದ ತುಂಡು ಎಳೆಗಳ ಮ್ಯಾಟ್ ನಾವು ತರಲಿಲ್ಲ. ಅದರ ಎಳೆಗಳನ್ನು ಹಿಡಿದಿಡುವ ಅಂಟು ಕರಗುವುದು ಪಾಲಿಯೆಸ್ಟರ್ ರೆಸಿನಿನಲ್ಲಿರುವ ಸ್ಟೈರೀನಿಗೆ, ಎಪಾಕ್ಸಿಗೆ ಕರಗದೆ ಸೆಟೆದುಕೊಂಡು ನಿಲ್ಲಬಹುದು. ನೇಯ್ದ ಗ್ಲಾಸ್ ಬಟ್ಟೆಯೇ ಬೇಕು. ಹಳೇ ಫೈಬರಿನ ಅಂಚನ್ನು ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಒಂದಕ್ಕಿಂತ ಒಂದು ದೊಡ್ಡದಾಗಿ ಕತ್ತರಿಸಿದ ಬಟ್ಟೆ ಹಾಸುತ್ತಾ ಬಂದೆವು. ಬಿಳಿ ಬಟ್ಟೆಗೆ ರೆಸಿನ್ ಇಳಿದಾಗ ಅದು ಕಣ್ಣೆದುರೇ ಮಾಯವಾಗಿ ಕೆಳಗಿನ ಮರದ ಗೆರೆ ಕಾಣುತ್ತದೆ. ಬೆಳ್ಳಗೆ ಉಳಿದ ಕಡೆ ರೆಸಿನ್ ಸಾಲದು ಎಂದು ಅರ್ಥ, ಅಲ್ಲಿ ಮತ್ತೆ ಬ್ರಷ್ ಕುಟ್ಟುವುದು. ನೋಡುತ್ತಾ ನಿಂತರೆ ಊಟ ಮರೆತುಹೋಗುತ್ತದೆ.

ಕಂಬದ ಬುಡದ್ದೂ ಇದೇ ಕಥೆ, ಸಣ್ಣದು. ಬೇರೆ ಹೇಳುವುದೇನಿಲ್ಲ.

ಬೋಲ್ಟ್ ತೂತುಗಳ ಮೇಲೆ ಮಾತ್ರ ನಾನು ಹಟ ಹಿಡಿದೆ. ಮತ್ತೆ ಅಲ್ಲಿಂದಲೇ ನೀರು ಇಳಿದರೆ ಮಾಡಿದ್ದೆಲ್ಲ ವ್ಯರ್ಥ. ಮೊದಲು ಬೇಕಾದದ್ದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ಪೂರ್ತಿ ಗಟ್ಟಿ ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಯ ತೂತು ಕೊರೆದೆವು. ಈಗ ಬೋಲ್ಟ್ ಮರವನ್ನು ಮುಟ್ಟುವುದೇ ಇಲ್ಲ. ಸೀಲೆಂಟ್ ಒಣಗಿ ನೀರು ಇಳಿದರೂ ಅದಕ್ಕೆ ಸಿಗುವುದು ಎಪಾಕ್ಸಿ ಗೋಡೆ. ಬಿರಡೆಯ ತೂತಿಗೂ ಹಾಗೇ. ಸೀಲೆಂಟ್ ಹಾಕಿ ನಟ್ಟನ್ನು ಅರ್ಧ ಮಾತ್ರ ಬಿಗಿದು, ಅದು ರಬ್ಬರಿನಂತಾದ ಮೇಲೆ ಉಳಿದರ್ಧ. ಎಪಾಕ್ಸಿಗೆ ಬಿಸಿಲು ಆಗದು, ಹಳದಿಯಾಗಿ ಪುಡಿಯಾಗುತ್ತದೆ. ಹಾಗಾಗಿ ಕೊನೆಗೆ ಬಣ್ಣ.

ಈಗ ದೋಣಿ ಮೂತಿ ಎತ್ತಿಕೊಂಡು, ಬಿರಡೆ ತೆಗೆದು, ಟಾರ್ಪಾಲಿನ್ ಕೆಳಗೆ ಗಾಳಿಯಾಡುವಂತೆ ನಿಂತಿದೆ. ಜಲಾಶಯದಲ್ಲಿ ಹಾಯಿ ಬಿಡಲು ಅನುಮತಿಗೆ ಅರ್ಜಿ ಕೊಟ್ಟಾಗಿದೆ. ಲೈಫ್ ಜಾಕೆಟ್ ಎರಡು ಬಂದಿವೆ. ಓಡಿಸಲು ಇಬ್ಬರು ಬೇಕಲ್ಲ, ಇನ್ನೊಬ್ಬರು ಯಾರು ಎಂಬ ಪ್ರಶ್ನೆ ಬಂದಾಗ ನಾನು ಹುಡುಗನ ಮುಖ ನೋಡಿದೆ. ಈಜು ಬರುತ್ತೇನಪ್ಪ ಎಂದರೆ, ಬಾವಿಯಲ್ಲಿ ಕಲಿತವನು ಅಂದ. ಎತ್ತರಕ್ಕೆ ಹೆದರದವನು ನೀರಿಗೆ ಹೆದರುತ್ತಾನಾ?

ಅವನ ರಜೆಯದೇ ಚಿಂತೆ ನನಗೆ. ಬೇಸಿಗೆಯಲ್ಲಿ ಅವನಿಗೆ ಬಿಡುವು ಸಿಗುತ್ತಿದ್ದದ್ದು ಸಂಜೆ ಮತ್ತು ಭಾನುವಾರ ಮಾತ್ರ. ಕೇಳಿದರೆ ನಕ್ಕ. "ಜೂನ್ ಬರ್ಲಿ ಅಣ್ಣಾ. ಮುಂಗಾರು ಗಾಳಿ ಎದ್ಮೇಲೆ ನಮ್ಮನ್ನ ಹಗ್ಗದಲ್ಲಿ ಇಳಿಸಲ್ಲ. ಗಾಳಿ ಜಾಸ್ತಿ ಇದ್ದಷ್ಟು ದಿನಾನೂ ನಾನು ಖಾಲಿ."